ಜೂನ್‌ವರೆಗೂ ಡಿಸೆಂಬರ್ ಒಂದು

ಇದನ್ನು ಬರೆಯಲು ಕೂತು ಎದ್ದು ನಾಲ್ಕು ವರ್ಷವಾಯಿತು. ಪ್ರತಿ ಸಲವೂ ಕಣ್ಣಿನ ನೆವ, ಮಂಡಿನೋವಿನ ನೆವ. ನಿಜವಾಗಿ ಅಡ್ಡ ಬಂದದ್ದು ನಾಚಿಕೆ.

೨೦೨೦ರಲ್ಲಿ ನಾನು ಕೊಟ್ಟೂರಿನ ಕುರಿಗಾರರ ಸಂಘವೊಂದರ ಕಾರ್ಯದರ್ಶಿ. ಓದಿದ್ದು ಎಸ್ಸೆಸ್ಸೆಲ್ಸಿ. ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ನಮ್ಮ ಸದಸ್ಯರು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರು. ವರ್ಷದ ಬಹುಪಾಲು ಹಿಂಡಿನ ಹಿಂದೆ ಊರೂರು ಅಲೆಯುವವರು. ಲಸಿಕೆಯ ಕಾರ್ಡು ಅವರ ಬಳಿ ಉಳಿಯುತ್ತಿರಲಿಲ್ಲ. ಯಾರ ಹಿಂಡಿಗೆ ಯಾವಾಗ ಸೂಜಿ ಎಂದು ನೆನಪಿಟ್ಟು ಫೋನ್ ಮಾಡುವುದು ಸಂಘದ ಕೆಲಸ. ನಮ್ಮ ಫೋನ್ ಹೋದ ಮೇಲೆಯೇ ಅವರು ಹತ್ತಿರದ ಪಶು ಆಸ್ಪತ್ರೆ ಹುಡುಕುತ್ತಿದ್ದರು.

ಮೊದಲು ಅದಕ್ಕೊಂದು ದಪ್ಪ ರಿಜಿಸ್ಟರ್ ಇತ್ತು. ಆಮೇಲೆ ದಾವಣಗೆರೆಯ ಎಂಜಿನಿಯರ್ ಒಬ್ಬ ನಮ್ಮ ಕಂಪ್ಯೂಟರಿನಲ್ಲಿ ವೆಬ್ ಪುಟವೊಂದನ್ನು ಮಾಡಿಕೊಟ್ಟ. ಅದು ನಡೆಯುತ್ತಿದ್ದುದು ಫ್ಲ್ಯಾಶ್ ಎಂಬ ಹಳೆಯ ತಂತ್ರಜ್ಞಾನದ ಮೇಲೆ. ಪುಟ ತೆರೆದರೆ ಅದು ಕಂಪ್ಯೂಟರಿನ ದಿನಾಂಕ ನೋಡಿಕೊಂಡು, ಮುಂದಿನ ತಿಂಗಳು ಲಸಿಕೆ ಹಾಕಿಸಬೇಕಾದ ಹಿಂಡುಗಳನ್ನು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು.

೨೦೨೦ರ ಕೊನೆಗೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲುತ್ತದೆ, ಅಷ್ಟರೊಳಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಎಂದು ಆ ಎಂಜಿನಿಯರ್ ಎರಡು ವರ್ಷ ಮೊದಲೇ ಪತ್ರ ಬರೆದಿದ್ದ. ಬೆಂಬಲ ನಿಲ್ಲುವುದೆಂದರೆ ರಿಪೇರಿ ಸಿಗುವುದಿಲ್ಲ, ಅಷ್ಟೇ ಎಂದುಕೊಂಡೆ. ನನ್ನ ನಂತರ ಬರುವವನು ನೋಡಿಕೊಳ್ಳಲಿ ಎಂದು ಪತ್ರವನ್ನು ಡ್ರಾಯರಿಗೆ ಹಾಕಿದೆ.

ಕಚೇರಿಯಲ್ಲಿ ಒಬ್ಬಳೇ ಆಪರೇಟರ್. ಹಮಾಲಿ ಮಾಡುವ ಅಪ್ಪನ ಮಗಳು. ಆ ಮನೆಗೆ ತಿಂಗಳ ಸಂಬಳ ತಂದ ಮೊದಲನೆಯವಳು. ಅಕ್ಟೋಬರಿನಲ್ಲೇ ಆಕೆ ಕೇಳಿದ್ದಳು: “ಸರ, ಒಂದು ತಿಂಗಳು ಕೊಡ್ರಿ ಸಾಕು. ಎಲ್ಲಾರ ತಾರೀಖು ಬ್ಯಾರೆ ಫೈಲಿಗೆ ಇಳಿಸ್ತೀನಿ.”

“ವಾರ್ಷಿಕ ವರದಿ ಟೈಪ್ ಮಾಡಿ ಮುಗಸವಾ ಮೊದ್ಲು,” ಎಂದೆ.

೨೦೨೧ರ ಜನವರಿ ಮಧ್ಯದಲ್ಲಿ ಒಂದು ಬೆಳಿಗ್ಗೆ ಪುಟ ತೆರೆಯಲಿಲ್ಲ. ಫ್ಲ್ಯಾಶ್ ತಾನೇ ದಿನಾಂಕ ನೋಡಿ ಬಾಗಿಲು ಹಾಕಿಕೊಂಡಿತ್ತು. ನಾನು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಉಪಾಯ ಕೇಳಿಕೊಂಡು ಬಂದೆ: ಕಂಪ್ಯೂಟರಿನ ತಾರೀಖು ಹಿಂದಕ್ಕೆ ತಿರುಗಿಸಿದರೆ ಪುಟ ತೆರೆಯುತ್ತದೆ. ಡಿಸೆಂಬರ್ ಒಂದಕ್ಕೆ ತಿರುಗಿಸಿದೆವು. ತೆರೆಯಿತು. ಏನೋ ಸಾಧಿಸಿದಂತೆ ಹಿಗ್ಗಿದೆ.

ಆಕೆ ಹಿಗ್ಗಲಿಲ್ಲ. “ತಾರೀಖು ಹಿಂದಕ್ಕ ಹೋದ್ರ ಸೂಜಿ ಪಟ್ಟಿನೂ ಅಲ್ಲೇ ನಿಲ್ತೈತ್ರಿ ಸರ. ಕೆಂಪು ಹೆಸರು ಬರಂಗಿಲ್ಲ.”

“ಅದನ್ನ ನಾ ನೋಡ್ಕೋತೀನಿ. ನೀ ಹೇಳಿದಷ್ಟು ಮಾಡು.”

ಅಂದಿನಿಂದ ದಿನಾ ಬೆಳಿಗ್ಗೆ ಆಕೆ ತಾರೀಖು ತಿರುಗಿಸಿಯೇ ಕೆಲಸ ಶುರು ಮಾಡುತ್ತಿದ್ದಳು. “ಇವತ್ತೂ ಡಿಸೆಂಬರ್ ಒಂದನಾ ಸರ? ಹಂಗಾದ್ರ ನಮ್ಗ ವಯಸ್ಸ ಆಗಂಗಿಲ್ಲ ಬಿಡ್ರಿ,” ಎಂದು ಒಮ್ಮೆ ನಗಾಡಿದಳು. ನಾನೂ ನಕ್ಕೆ. ಬಿಡುವಿದ್ದಾಗ ಆಕೆ ಒಂದು ನೋಟ್‌ಬುಕ್ಕಿನಲ್ಲಿ ಹಿಂಡುಗಳ ತಾರೀಖು ಕೈಯಲ್ಲೇ ಬರೆದುಕೊಳ್ಳತೊಡಗಿದಳು. ಮಾರ್ಚಿನಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. “ಕಂಪ್ಯೂಟರ್ ಇಟ್ಕೊಂಡು ಕೈಲಿ ಬರಿತೀಯಲ್ಲ, ಯಾರರ ನೋಡಿದ್ರ ನಗ್ತಾರ,” ಎಂದು ಗದರಿ ನಿಲ್ಲಿಸಿದೆ. ಪಟ್ಟಿ ನೋಡಿಕೊಳ್ಳುತ್ತೇನೆ ಎಂದಿದ್ದ ನಾನು ಹಳೆಯ ರಿಜಿಸ್ಟರಿನ ಗಂಟನ್ನೂ ಬಿಚ್ಚಲಿಲ್ಲ.

ಕುರಿಗೆ ಕರುಳುಬೇನೆಯ ಲಸಿಕೆಯನ್ನು ಮುಂಗಾರಿಗೆ ಮೊದಲೇ ಹಾಕಿಸಬೇಕು. ಮಳೆ ಬಿದ್ದು ಚಿಗುರಿದ ಎಳೆ ಹುಲ್ಲು ಮೇದ ಕುರಿ ನಿಂತಲ್ಲೇ ಬೀಳುತ್ತದೆ. ಆ ವರ್ಷ ಲಾಕ್‌ಡೌನ್ ಬೇರೆ. ಸದಸ್ಯರು ಕಚೇರಿಗೆ ಬರುವಂತಿರಲಿಲ್ಲ, ಫೋನೇ ಗತಿ. ನಮ್ಮ ಪರದೆಯ ಮೇಲೆ ಒಂದೂ ಕೆಂಪು ಹೆಸರಿಲ್ಲ. ನಾವು ಯಾರಿಗೂ ಫೋನ್ ಮಾಡಲಿಲ್ಲ.

ಜೂನಿನಲ್ಲಿ ಹಂಪಸಾಗರದ ಹತ್ತಿರ ಹೊಳೆದಂಡೆಯಲ್ಲಿ ಹಿಂಡು ನಿಲ್ಲಿಸಿದ್ದ ಮೈಲಾರಪ್ಪನೆಂಬ ಕುರಿಗಾರನ ಮೂವತ್ತೊಂದು ಕುರಿ ಎರಡು ದಿನದಲ್ಲಿ ಸತ್ತವು. ಲಾಕ್‌ಡೌನ್ ಸಡಿಲಾದ ಮೇಲೆ ಆತ ಕಚೇರಿಗೆ ಬಂದವನು ಒಳಗೆ ಬರದೆ ಬಾಗಿಲಲ್ಲೇ ನಿಂತ.

“ಹೋದ ವರ್ಷ ಮೂರು ಸಲ ಫೋನ್ ಮಾಡಿದ್ರಿ ಸಾಹೇಬ್ರ. ಎಷ್ಟು ಕಾಡ್ತಾರಪ್ಪ ಅಂತ ನಾನ ಸಿಟ್ಟಾಗಿದ್ದೆ. ಈ ಸಲ ಬರ್ಲಿಲ್ಲ. ಇನ್ನೂ ಟೈಮ್ ಐತಿ ಅನ್ಕೊಂಡ್ನಿ.”

ಮರುವಾರ ಆಡಳಿತ ಮಂಡಳಿಯ ಸಭೆ. ಅಧ್ಯಕ್ಷರು ಕೇಳಿದರು: “ಪಟ್ಟಿ ತಗಿಯೋರು ಯಾರ್ರಿ?”

ಪತ್ರ ಬಂದಿತ್ತು, ತಾರೀಖು ತಿರುಗಿಸಲು ಹೇಳಿದವನು ನಾನು ಎನ್ನಲು ಒಂದು ನಿಮಿಷ ಸಾಕಿತ್ತು. ನಾನು ಅಂದದ್ದು: “ಅದು ಆಪರೇಟರ್ ಕೆಲಸ್ರಿ.”

ಆಕೆ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದಳು. ಮಡಿಲಲ್ಲಿ ಅದೇ ನೋಟ್‌ಬುಕ್. ತೆರೆದು ತೋರಿಸಿದ್ದರೆ ನನ್ನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಮುಖವನ್ನೇ ನೋಡಿದಳು, ನಾನು ಫೈಲು ನೋಡಿದೆ. ಆಕೆ ನೋಟ್‌ಬುಕ್ ತೆರೆಯಲಿಲ್ಲ. ತಿಂಗಳ ಕೊನೆಗೆ ಆಕೆಯನ್ನು ಕೆಲಸದಿಂದ ತೆಗೆದರು. ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, “ಉಳಿದ ಹಿಂಡಿನವರಿಗಾದ್ರೂ ಫೋನ್ ಮಾಡ್ರಿ ಸರ,” ಎಂದು ಹೇಳಿ ಹೋದಳು.

ಮಾಡಿದೆ. ಆ ನೋಟ್‌ಬುಕ್ಕನ್ನೂ ಹಳೆಯ ರಿಜಿಸ್ಟರನ್ನೂ ಮುಂದಿಟ್ಟುಕೊಂಡು ಮೂರು ದಿನ ಫೋನ್ ಮಾಡಿದೆ. ಬೇರೆ ಹಿಂಡುಗಳು ಉಳಿದವು. ಸೆಪ್ಟೆಂಬರಿನಲ್ಲಿ ನನಗೆ ಶಾಲು, ಹಾರ ಹಾಕಿ ಬೀಳ್ಕೊಟ್ಟರು.

ನಿಲ್ಲುವ ದಿನವನ್ನು ಮೊದಲೇ ಹೇಳಿ ನಿಲ್ಲುವ ವಸ್ತು ನಮಗೆ ಕೊಡುವುದು ತಯಾರಿಯ ಕಾಲ. ಆ ಕಾಲವನ್ನು ನಾನು ಡ್ರಾಯರಿನಲ್ಲಿಟ್ಟೆ. ಕೆಟ್ಟ ಮೇಲೆ ತಪ್ಪನ್ನು ನನಗಿಂತ ಚಿಕ್ಕವಳ ತಲೆಗೆ ಕಟ್ಟಿದೆ. ನೌಕರಿ ಇಷ್ಟನ್ನು ಕಲಿಸಿತು, ನೌಕರಿ ಮುಗಿದ ಮೇಲೆ.

ಆಕೆ ಈಗ ಹರಪನಹಳ್ಳಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಇದ್ದಾಳೆಂದು ಕೇಳಿ ಹೋದ ವರ್ಷ ಬಸ್ ಹತ್ತಿದೆ. ಅಂಗಡಿಯ ಎದುರಿನ ಹೋಟೆಲಿನಲ್ಲಿ ಎರಡು ಚಹಾ ಕುಡಿದು, ರಸ್ತೆ ದಾಟದೆ ವಾಪಸ್ಸು ಬಂದೆ. ಸಭೆಯಲ್ಲಿ ನಾನು ಆಕೆಯ ಹೆಸರನ್ನೂ ಹೇಳಿರಲಿಲ್ಲ, ಆಪರೇಟರ್ ಎಂದಿದ್ದೆ.

ಆಕೆಯ ಹೆಸರು ಹುಲಿಗೆಮ್ಮ.