ಬೆಕ್ಕಿಗೆ ಹಿಡಿಸಿದ ಪಥ್ಯ

ನಮ್ಮ ಮನೆಯ ಬೆಕ್ಕಿಗೆ ಉಬ್ಬಸವಿತ್ತು. ಕುತ್ತಿಗೆಯನ್ನು ನೆಲಕ್ಕೆ ಚಾಚಿ, ಪಕ್ಕೆಗಳನ್ನು ಒಳಕ್ಕೆಳೆದುಕೊಂಡು ಅದು ಕೆಮ್ಮತೊಡಗಿದರೆ ನೋಡುವವರಿಗೂ ಉಸಿರು ಕಟ್ಟುತ್ತಿತ್ತು. ಅಮ್ಮನಿಗೂ ಅದೇ ಕಾಯಿಲೆ. ಆದುದರಿಂದ ಬೆಕ್ಕು ಕೆಮ್ಮಿದೊಡನೆ ಆಕೆ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತರೆ, ಕೆಮ್ಮು ಅಡಗುವವರೆಗೂ ಕದಲುತ್ತಿರಲಿಲ್ಲ.

ಇದು ಅರುವತ್ತರ ದಶಕದ ನಡುವಿನ ಮಾತು. ನಾನು ಆಗ ಕುಂದಾಪುರದ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು ದನದ ಆಸ್ಪತ್ರೆಗೆ ಒಯ್ದಾಗ, ಅಲ್ಲಿ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದವರೆಲ್ಲ ನಕ್ಕರು. ಘಟ್ಟದ ಮೇಲಿನಿಂದ ಬಂದಿದ್ದ ಡಾಕ್ಟರು ನಗಲಿಲ್ಲ. ಮನುಷ್ಯರ ಉಬ್ಬಸಕ್ಕೆ ಕೊಡುವ ಸಣ್ಣ ಬಿಳಿ ಮಾತ್ರೆಯನ್ನು ಬರೆದುಕೊಟ್ಟು, ಬೆಳಗ್ಗೆ ಅರ್ಧ ಮಾತ್ರೆ ಸಾಕೆಂದರು.

"ಇದರಿಂದ ಹಸಿವು, ಬಾಯಾರಿಕೆ ಎರಡೂ ಹೆಚ್ಚುತ್ತವೆ. ಹಾಗೆಂದು ಒಮ್ಮೆಲೇ ನಿಲ್ಲಿಸಬೇಡಿ. ಪ್ರಾಣಕ್ಕೇ ಕುತ್ತು ಬಂದೀತು."

ಕೆಮ್ಮು ಬೇಗನೆ ತಗ್ಗಿತು. ಡಾಕ್ಟರು ಹೇಳಿದ್ದ ಉಳಿದ ತೊಂದರೆಗಳೂ ತಪ್ಪದೆ ಬಂದವು. ಬೆಕ್ಕು ಅಕ್ಕಿ ತೊಳೆದು ದನಕ್ಕಿಟ್ಟ ಅಕ್ಕಚ್ಚಿನ ನೀರನ್ನೂ ಬಿಡದೆ ಕುಡಿಯಿತು, ಒಲೆಯ ಬೂದಿಯನ್ನು ದಿನವೂ ಒದ್ದೆ ಮಾಡಿತು, ನಮ್ಮ ಕಾಲಿಗೆ ಸುತ್ತಿಕೊಂಡು ಇಡೀ ದಿನ ಕೂಗಿತು. ಅಮ್ಮನ ದೃಷ್ಟಿಯಲ್ಲಿ ಇದಕ್ಕೆಲ್ಲ ಕಾರಣ, ಪಥ್ಯವಿಲ್ಲದೆ ಮದ್ದು ಕೊಟ್ಟದ್ದು. ಪಂಡಿತರ ಮದ್ದು ತೆಗೆದುಕೊಂಡ ವರ್ಷ ಆಕೆ ಮೀನು, ಹುಳಿ, ತೆಂಗಿನಕಾಯಿ ಎಲ್ಲವನ್ನೂ ಬಿಟ್ಟು, ಗಂಜಿ ಮತ್ತು ಹುರಿದ ಉಪ್ಪಿನಲ್ಲಿ ಮಳೆಗಾಲ ಕಳೆದವಳು. ಅದರಿಂದಲೇ ತಾನು ಉಳಿದೆನೆಂದು ನಂಬಿದವಳು.

"ಡಾಕ್ಟ್ರ್ ಪಥ್ಯ ಹೇಳ್ಲಿಲ್ಯಾ?" ಎಂದು ಕೇಳಿದಳು.

"ಬೆಕ್ಕಿಗೆ ಎಂತ ಪಥ್ಯ ಅಮ್ಮ?"

"ಬೆಕ್ಕಿಗೆ ಉಬ್ಸ ಬತ್ತ್, ಪಥ್ಯ ಮಾತ್ರ ಬ್ಯಾಡ್ದಾ? ಇಂಗ್ಲಿಷ್ ಮದ್ದ್ ಅಂದ್ರೆ ಉಷ್ಣ. ಇನ್ ಮೀನ್ ಕೊಡೂಕಾಗ."

ನಾನು ಶಾಲೆಗೆ ಹೋದೊಡನೆ ಬೆಕ್ಕಿನ ತಟ್ಟೆಗೆ ಬರಿಯ ಗಂಜಿ ಬೀಳತೊಡಗಿತು. ಅದು ಗಂಜಿಯನ್ನು ಮೂಸಿ ಬಿಟ್ಟು, ಪಕ್ಕದ ಮನೆಯವಳು ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದ ಬಂಗಡೆಗೆ ಬಾಯಿ ಹಾಕಿತು. ಒಂದು ಸಂಜೆ ನಾನು ಮನೆಗೆ ಬರುವಾಗ ಆಕೆ ಬೇಲಿಯ ಬಳಿ ಕಾದಿದ್ದಳು.

"ಹ್ವಾಯ್ ಟೀಚರೆ, ಊರ್ ಮಕ್ಳಿಗೆಲ್ಲ ಬುದ್ಧಿ ಕಲಿಸ್ತ್ರಿ. ನಿಮ್ ಬೆಕ್ಕಿಗ್ ಒಂದ್ ಮಾತ್ ಹೇಳೂಕ್ ಆತಿಲ್ಯಾ?"

"ಅದ್ ಮದ್ದಿನ್ ಹಸಿವು, ಅಕ್ಕ."

"ಹಂಗಾರೆ ನಂಗೂ ಒಂಚೂರ್ ಆ ಮದ್ದ್ ಕೊಡಿ. ನಾನೂ ನಿಮ್ಮನಿಗ್ ಮೀನ್ ತಿಂಬುಕ್ ಬತ್ತೆ."

ಅಮ್ಮನಿಗೆ ಆ ಮಾತು ನಾಟಿತು. ಬೇಡವಾದ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಹೊಳೆ ದಾಟಿಸುವುದು ನಮ್ಮಲ್ಲಿಯ ರೂಢಿ. ನೀರು ದಾಟಿದ ಬೆಕ್ಕು ಹಿಂದಿರುಗದೆಂಬ ನಂಬಿಕೆ. ಹೊಳೆಯ ಆಚೆ ದಡದಲ್ಲಿ ಕೋಡಿ, ಮೀನುಗಾರರ ಊರು.

"ನಾಳೆ ದೋಣಿಯವ್ರ ಹತ್ರ ಕೋಡಿಗ್ ದಾಟ್ಸುಕ್ ಹೇಳ್ತೆ. ಅಲ್ಲಿ ಮೀನಿಗ್ ಬರ ಇಲ್ಲೆ."

"ಮಾತ್ರೆ ಯಾರ್ ಕೊಡ್ತ್ರ್? ತಪ್ಸಿರೆ ಅದ್ ಸಾಯತ್ತ್ ಅಮ್ಮ."

"ಕೋಡಿ ಬೆಕ್ಕಿಗೆಲ್ಲ ಯಾರ್ ಮಾತ್ರೆ ಕೊಡ್ತ್ರ್?"

ಡಾಕ್ಟರ ಎಚ್ಚರಿಕೆಯನ್ನು ನಾನು ಎಷ್ಟು ವಿವರಿಸಿದರೂ ಅದು ಆಕೆಯ ಕಿವಿಯಲ್ಲಿ ಮಗಳ ಹಟವಾಗಿಯೇ ಉಳಿಯಿತು. ಮರುದಿನ ರಜೆ ಹಾಕಿ, ಬೆಕ್ಕಿನೊಂದಿಗೆ ಅಮ್ಮನನ್ನೂ ಆಸ್ಪತ್ರೆಗೆ ಕರೆದೊಯ್ದೆ. ಗಂಜಿಯ ಸಂಗತಿಯನ್ನು ಅಮ್ಮನೇ ಹೇಳಿದಳು. ಡಾಕ್ಟರು ಬೆಕ್ಕಿನ ಬೆನ್ನುಮೂಳೆಯ ಮೇಲೆ ಬೆರಳಾಡಿಸಿದರು. ಅಲ್ಲಿ ಮಾಂಸವೇ ಇರಲಿಲ್ಲ. ಆಮೇಲೆ ಅಮ್ಮನನ್ನು ಕುರಿತು ಗಂಭೀರವಾಗಿ ಹೇಳಿದರು:

"ಪಥ್ಯ ಹೇಳದಿದ್ದುದು ನನ್ನ ತಪ್ಪು. ಈ ಮದ್ದಿಗೆ ಬರೀ ಗಂಜಿ ಕೂಡದು. ಉಪ್ಪು, ಖಾರ ಹಾಕದೆ ಬೇಯಿಸಿದ ಮೀನನ್ನು ಹೊತ್ತು ಹೊತ್ತಿಗೆ ಕೊಡಬೇಕು. ಬಾಯಾರಿಕೆಗೆ ನೀರು ಇಟ್ಟೇ ಇರಬೇಕು. ಮಾತ್ರೆಯನ್ನು ನಿಧಾನವಾಗಿ ಇಳಿಸೋಣ."

"ಅದನ್ನ ಸುರುವಿಗೇ ಹೇಳೂಕಾಗಿತ್ತ್," ಎಂದಳು ಅಮ್ಮ.

ಅಂದಿನಿಂದ ಬೆಕ್ಕಿನ ಮೀನಿಗೆ ಬೇರೆಯೇ ಮಡಕೆ. ನಮ್ಮ ಸಾರಿಗೆ ಮೀನಿಲ್ಲದ ದಿನವೂ ಅದಕ್ಕೆ ಪಾಲು ತಪ್ಪಲಿಲ್ಲ. ನಾನು ಆ ಮಡಕೆಗೆ ಸೌಟು ತಗಲಿಸಿದರೆ, ಪಥ್ಯ ಕೆಟ್ಟಿತೆಂದು ಬೈಗುಳ. ಪಕ್ಕದ ಮನೆಯ ದೂರು ನಿಂತಿತು. ಆದರೆ ಅರ್ಧ ಮಾತ್ರೆ ಕಾಲು ಮಾತ್ರೆಗೆ ಇಳಿದ ಮೇಲೆ ಕೆಮ್ಮು ಅಲ್ಲೊಮ್ಮೆ ಇಲ್ಲೊಮ್ಮೆ ಮರಳತೊಡಗಿತು. ಹಸಿವನ್ನು ಇಳಿಸಿದರೆ ಉಸಿರು ಕೆಡುತ್ತಿತ್ತು. ಎಷ್ಟು ಇಳಿಸಬಹುದೆಂಬುದು ಡಾಕ್ಟರಿಗೂ ಖಚಿತವಿರಲಿಲ್ಲ; ಬೆಕ್ಕಿಗೆ ಈ ಮದ್ದು ಕೊಟ್ಟು ತಮಗೂ ರೂಢಿಯಿಲ್ಲವೆಂದು ಅವರೇ ಒಪ್ಪಿಕೊಂಡಿದ್ದರು.

ಒಂದು ಬೆಳಗ್ಗೆ ನಾನು ಶಾಲೆಗೆ ಹೊರಡುವಷ್ಟರಲ್ಲಿ ಬೆಕ್ಕು ಜಗಲಿಯ ಮೇಲೆ ಕುತ್ತಿಗೆ ಚಾಚಿತು. ನಾನು ಮಾತ್ರೆಯ ಇನ್ನೊಂದು ಕಾಲು ತುಂಡನ್ನು ಕೈಗೆತ್ತಿಕೊಂಡೆ. ಅಮ್ಮ ನೆಲದ ಮೇಲೆ ಅದರ ಪಕ್ಕದಲ್ಲಿ ಕುಳಿತಿದ್ದಳು.

"ಚೂರ್ ತಡಿ ಮಗಾ. ಹೆಚ್ಚ್ ಕೊಟ್ರೆ ಮತ್ತೆ ಹಿಂದಿನಂಗೇ ಆತ್ತ್."

"ಕೊಡ್ದೇ ಇದ್ರೆ?"

ಆಕೆ ಬೆಕ್ಕಿನ ಪಕ್ಕೆ ಏರಿಳಿಯುವುದನ್ನು ನೋಡುತ್ತ, ಅದರ ಉಸಿರಿಗೆ ತನ್ನ ಉಸಿರನ್ನು ಹೊಂದಿಸುತ್ತಿದ್ದಾಳೋ ಎಂಬಂತೆ ಕುಳಿತಿದ್ದಳು. ಕೆಮ್ಮು ಕೊನೆಗೆ ತಾನಾಗಿ ಅಡಗಿತು. ಅಮ್ಮ ಮೀನಿನ ತಟ್ಟೆಯನ್ನು ಅದರ ಮೂತಿಯ ಬಳಿಗೆ ಸರಿಸಿದಳು. ಬೆಕ್ಕು ಮುಖ ತಿರುಗಿಸಿತು.

"ನೀ ಹೋಯ್ಕ, ಹೊತ್ತಾಯ್ತ್," ಎಂದಳು. "ಅದ್ ತಿಂಬ್ತನ್ಕ ನಾನ್ ಇಲ್ಲೇ ಇರ್ತೆ."