ಕ್ಯಾಸೆಟ್ಟಿನಲ್ಲಿದ್ದ ಜೋಗುಳ

ಮಹಾದೇವಿ, ನೀನು ನಿನ್ನ ಕೂಸಿಗೆ ದಿನಾಲೂ ಕೇಳಿಸುತ್ತಿದ್ದ ಆ ಜೋಗುಳ ನಿನ್ನ ಅವ್ವ ಹಾಡಿದ್ದಲ್ಲ. ಅದು ನನ್ನ ಹೆಂಡತಿ ಹಸೀನಾಳ ದನಿ — ನೀನು ಕಾಕೂ ಎಂದು ಕರೆಯುವ ಹಸೀನಾಳದ್ದು. ನಿನ್ನ ಅವ್ವನ ದನಿ ಉಳಿದಿದ್ದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಅದನ್ನು ಅಳಿಸಿದವನು ನಾನು. ಅಳಿಸಿದ್ದು ಕೈತಪ್ಪಿ. ಮುಚ್ಚಿಟ್ಟದ್ದು ಮಾತ್ರ ಬೇಕೆಂದೇ — ಇಷ್ಟು ವರ್ಷ.

ನಿನಗೆ ಆಗ ಏಳೋ ಎಂಟೋ ವರ್ಷ. ನಿನ್ನ ಅಪ್ಪ ಶರಣಪ್ಪ ಕರಜಗಿಯಿಂದ ನಿನ್ನನ್ನು ಕರೆದುಕೊಂಡು ಅಫಜಲಪುರದ ನನ್ನ ರೇಡಿಯೊ ರಿಪೇರಿ ಅಂಗಡಿಗೆ ಬಂದಿದ್ದ. ನೀನು ಹುಟ್ಟಿ ಕೆಲವು ತಿಂಗಳಿಗೇ ನಿನ್ನ ಅವ್ವ ತೀರಿಹೋಗಿದ್ದಳು. ಅವಳು ನಿನ್ನನ್ನು ತೂಗುತ್ತ ಹಾಡಿದ್ದನ್ನು ಅವನು ಟೇಪ್ ಮಾಡಿಟ್ಟಿದ್ದ. ಕ್ಯಾಸೆಟ್ ಹಳೆಯದಾಗಿದೆ, ಹೊಸದಕ್ಕೆ ಇಳಿಸಿಕೊಡು ಎಂದ.

"ಮಗಳು ಇನ್ನಾ ಕೇಳೇ ಇಲ್ಲೋ ಮಕ್ಬೂಲ. ನಮ್ಮ ಟೇಪ್ ಕೆಟ್ಟು ಎಷ್ಟೋ ವರ್ಷ ಆಯ್ತು. ಹುಷಾರಲೇ ಮತ್ತ."

"ನನಗ ಹೇಳ್ತೀ ಏನಲೇ? ಸಂಜಿಕ ಬಾ," ಎಂದೆ. ಆ ಜಂಬದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಜಂಬಕ್ಕೆ ಕಾರಣ ಒಂದು ಪೆಟ್ಟಿಗೆ. ಅಂಗಡಿಯಲ್ಲಿ ಎರಡು ಟೇಪ್ ರೆಕಾರ್ಡರ್, ಒಂದು ರೇಡಿಯೊ, ಒಂದು ಮೈಕು, ಒಂದು ಸ್ಪೀಕರ್ ಇದ್ದವು. ಪ್ರತಿಸಲ ವೈರು ಕಿತ್ತು ಸಿಕ್ಕಿಸುವುದು ಯಾರಿಗೆ ಬೇಕು? ಬಿಸ್ಕಿಟ್ಟಿನ ತಗಡಿನ ಡಬ್ಬಿಗೆ ತೂತು ಕೊರೆದು, ಎಲ್ಲ ವೈರುಗಳನ್ನೂ ಒಳಗೆ ತಂದು, ತಿರುಗುವ ಒಂದು ಸ್ವಿಚ್ಚಿಗೆ ಬೆಸೆದಿದ್ದೆ. ಸ್ವಿಚ್ ತಿರುಗಿಸಿದರೆ ಸಾಕು, ಯಾವುದರ ಸದ್ದು ಬೇಕೋ ಅದು ಬೇಕಾದ ಕಡೆ ಹೋಗಬೇಕು. ಬಂದವರಿಗೆಲ್ಲ ತೋರಿಸಿ ಹೊಗಳಿಸಿಕೊಳ್ಳುತ್ತಿದ್ದೆ. ಚಹಾ ತಂದವನನ್ನೂ ಬಿಟ್ಟಿರಲಿಲ್ಲ.

ಆದರೆ ಡಬ್ಬಿಯನ್ನು ಬೋರಲು ಹಾಕಿ ಹಿಂದಿನಿಂದ ಬೆಸುಗೆ ಹಾಕಿದ್ದೆ. ಮುಂದೆ ಚೀಟಿ ಅಂಟಿಸುವಾಗ ಎಡ ಬಲವಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಒಂದನೇ ಟೇಪಿನಿಂದ ಎರಡನೆಯದಕ್ಕೆ ಎಂದು ಬರೆದ ಕಡೆ ಎರಡರಿಂದ ಒಂದಕ್ಕೆ ಹೋಗುತ್ತಿತ್ತು. ಹಾಗಾಗಿ ಮೊದಲ ಸಲ ಹೊಸ ಕ್ಯಾಸೆಟ್ಟಿನಲ್ಲಿ ಏನೂ ಇಳಿಯಲಿಲ್ಲ. ತಪ್ಪು ಗೊತ್ತಾಯಿತು. ಡಬ್ಬಿ ಬಿಚ್ಚಿ ಬೆಸುಗೆ ಬದಲಿಸಬೇಕಿತ್ತು — ಬೇಸರವಾಯಿತು. ಕ್ಯಾಸೆಟ್ಟುಗಳನ್ನೇ ಅದಲುಬದಲು ಮಾಡಿದರಾಯಿತು ಎಂದುಕೊಂಡು ಎರಡನ್ನೂ ಹೊರತೆಗೆದೆ. ಎರಡೂ ಒಂದೇ ಬಣ್ಣದವು, ಎರಡರ ಮೇಲೂ ಹೆಸರಿಲ್ಲ. ಅಷ್ಟರಲ್ಲಿ ಒಬ್ಬ ಬಂದು ತನ್ನ ರೇಡಿಯೊ ಇನ್ನೂ ಆಗಿಲ್ಲವೇ ಎಂದು ಕೂಗಾಡಿದ. ಅವನಿಗೆ ಉತ್ತರ ಕೊಡುತ್ತಲೇ ಕ್ಯಾಸೆಟ್ ಹಾಕಿದೆ — ಯಾವುದು ಎಲ್ಲಿತ್ತೋ ಅಲ್ಲಿಗೇ, ಹಳೆಯದು ಒಂದನೇ ಟೇಪಿಗೇ. ಅದೇ ಒಂದನೇ ಟೇಪಿನ ರೆಕಾರ್ಡ್ ಒತ್ತಿ ಊಟಕ್ಕೆ ಹೋದೆ.

ತಿರುಗಿ ಬಂದು ಕೇಳಿದರೆ ಎರಡರಲ್ಲೂ ಏನಿಲ್ಲ. ಹೊಸ ಕ್ಯಾಸೆಟ್ಟಿನ ಮೌನ ನಿನ್ನ ಅವ್ವನ ಮೇಲೆ ಇಳಿದಿತ್ತು. ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿದೆ, ಹಿಂಬದಿ ಹಾಕಿದೆ, ಸ್ಪೀಕರಿಗೆ ಕಿವಿ ಹಚ್ಚಿದೆ — ಸುಂಯ್ ಎನ್ನುವ ಸದ್ದೊಂದೇ.

ಅಂಗಡಿಯ ಹಿಂದೆಯೇ ಮನೆ. ಆ ಜೋಗುಳ ನಮ್ಮ ಕಡೆಯ ಹೆಂಗಸರೆಲ್ಲ ಹಾಡುವಂಥದ್ದು. ಹಸೀನಾ ನಮ್ಮ ಮಕ್ಕಳಿಗೂ ಅದನ್ನೇ ಹಾಡಿ ಮಲಗಿಸಿದವಳು. ಶಟರ್ ಅರ್ಧ ಎಳೆದು, ಅವಳನ್ನು ಮೈಕಿನ ಮುಂದೆ ಕೂರಿಸಿದೆ. "ಬ್ಯಾಡ್ರಿ, ಆ ಕೂಸಿಗಿ ಮೋಸ ಮಾಡ್ದಂಗ ಆಗ್ತದ," ಎಂದಳು. ನಾನು ಕೈ ಮುಗಿದೆ. ಕಣ್ಣು ಮುಚ್ಚಿಕೊಂಡು ಹಾಡಿದಳು. ಮುಗಿಸುವಾಗ, ನಮ್ಮ ಮಕ್ಕಳಿಗೆ ಹೇಳುತ್ತಿದ್ದ ಹಾಗೆಯೇ ಮೆಲ್ಲಗೆ, "ಸೋ ಜಾ ಮಾ, ಸೋ ಜಾ" ಎಂದುಬಿಟ್ಟಳು. ದಿನಾ ಮನೆಯಲ್ಲಿ ಕೇಳುವ ಮಾತು — ಅದು ಉರ್ದು ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸಂಜೆ ನೀವಿಬ್ಬರೂ ಬಂದಿರಿ. ನೀನು ಸ್ಪೀಕರಿಗೆ ಕೆನ್ನೆ ಹಚ್ಚಿ ಕೂತೆ. ಹಾಡು ಶುರುವಾದ ಕೂಡಲೇ ಶರಣಪ್ಪನ ಮುಖ ಬದಲಾಯಿತು. ಹೆಂಡತಿಯ ದನಿ ಗಂಡನಿಗೆ ಗೊತ್ತಾಗದೆ ಇರುತ್ತದೆಯೇ? ನಾನು ತಲೆ ತಗ್ಗಿಸಿದೆ. ಕೊನೆಗೆ "ಸೋ ಜಾ ಮಾ" ಬಂತು. ಅವನು ಒಳಬಾಗಿಲಿನ ಪರದೆಯ ಕಡೆ ನೋಡಿದ. ಹಿಂದೆ ಹಸೀನಾ ನಿಂತಿದ್ದಳು. ಬೈಯುತ್ತಾನೆ, ಹೊಡೆಯುತ್ತಾನೆ — ಹೊಡೆದರೆ ಸಾಕು ಎನಿಸಿತು.

"ಅಪ್ಪಾ, ಅವ್ವ ಏನಂದ್ಳು?" ಎಂದು ನೀನು ಕೇಳಿದೆ. ನಿನ್ನ ಮುಖ ನೋಡಿದ.

"ನಿದ್ದಿ ಮಾಡು ಅಂದಾಳ, ಮಗಳ. ನಿಮ್ಮವ್ವ ಆಳಂದದಾಕಿ ಅಲ್ಲ? ಓಣಿ ತುಂಬ ಉರ್ದು ಕೇಳಿ ಬೆಳದಾಳ."

ನನ್ನ ಸುಳ್ಳಿಗೆ ತೂತಿತ್ತು. ಅದನ್ನು ಅವನು ಮುಚ್ಚಿದ. ನನಗಾಗಿ ಅಲ್ಲ. ಕೆಟ್ಟಿದ್ದ ನಿಮ್ಮ ಟೇಪನ್ನೂ ನಾನೇ ರಿಪೇರಿ ಮಾಡಿಕೊಟ್ಟೆ. ಆಮೇಲೆ ಆ ಹಾಡು ಹಚ್ಚಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದನಂತೆ. "ಅಪ್ಪಗ ಅವ್ವನ ದನಿ ಕೇಳಿದ್ರ ತಡಕೊಳ್ಳಾಕ ಆಗಲ್ರಿ ಕಾಕಾ," ಎಂದು ನೀನೇ ಹೇಳಿದ್ದೆ. ಒಮ್ಮೆ ಚಹಾದಂಗಡಿಯಲ್ಲಿ, "ಮಕ್ಬೂಲ, ಆ ಕ್ಯಾಸೆಟ್ಟು..." ಎಂದು ಬಾಯಿ ತೆರೆದ. ನಾನು ಚಹಾದ ಲೋಟ ಕೆಳಗಿಟ್ಟೆ. "ಇರಲಿ, ಚಾ ಕುಡಿ, ತಣ್ಣಗ ಆಗ್ತದ," ಎಂದ. ಹೋದ ವರ್ಷ ಅವನೂ ಹೋದ. ಕ್ಷಮೆ ಕೇಳಲು ಅವನೂ ಇಲ್ಲದಂತಾಯಿತು.

ಮೊನ್ನೆ ನೀನು ಗಂಡನ ಊರು ಜೇವರ್ಗಿಯಿಂದ ಕೂಸನ್ನು ಎತ್ತಿಕೊಂಡು ಬಂದೆ. ಮೊಬೈಲ್ ಕೆಟ್ಟು ಹಾಡು ಹೋಗಿದೆ, ಮತ್ತೆ ಹಾಕಿಕೊಡ್ರಿ ಎಂದು ನಾನು ಕೊಟ್ಟ ಅದೇ ಕ್ಯಾಸೆಟ್ ಹಿಡಿದು ನಿಂತೆ. ಕೂಸು ಅತ್ತಿತು; ಹಸೀನಾ ಅದನ್ನು ಒಳಗೆ ಒಯ್ದಳು. ಸ್ವಲ್ಪ ಹೊತ್ತಿಗೆ ಪರದೆಯ ಆಚೆಯಿಂದ ಮುದಿ ದನಿ — "ಸೋ ಜಾ ಮಾ, ಸೋ ಜಾ."

"ಕಾಕಾ, ಹಾಡು ಹಚ್ಚಿದ್ರೇನ್ರಿ?" ಎಂದೆ ನೀನು. ಕೇಳಿದ ಮೇಲೆ ನಿನ್ನ ಕೈಯಲ್ಲೇ ಇದ್ದ ಕ್ಯಾಸೆಟ್ಟನ್ನು ನೋಡಿಕೊಂಡೆ. ಹೇಳಬೇಕಾದ ಗಳಿಗೆ ಅದೇ ಆಗಿತ್ತು, ಮಹಾದೇವಿ. ನಾನು ಮಾಡಿದ್ದೇನು? ಅದೇ ಡಬ್ಬಿಯ ಸ್ವಿಚ್ಚನ್ನು ರೇಡಿಯೊ ಕಡೆ ತಿರುಗಿಸಿ ಸದ್ದು ಜೋರು ಮಾಡಿದೆ. ನೀನು ಒಳಗೆ ಹೋಗಿ ಕೂಸನ್ನು ಇಸಿದುಕೊಂಡು ಹೊರಟುಹೋದೆ. ಕ್ಯಾಸೆಟ್ ಇಲ್ಲೇ ಬಿಟ್ಟುಹೋದೆ.

ನಾನು ಅದನ್ನು ಮೊಬೈಲಿಗೆ ಹಾಕುವುದಿಲ್ಲ. ಜೇವರ್ಗಿಗೆ ಬರುತ್ತೇನೆ, ಇದೆಲ್ಲವನ್ನೂ ನಿನ್ನ ಎದುರು ನಿಂತು ಹೇಳುತ್ತೇನೆ. ಆಗ ನೀನು ಒಂದು ಮಾತು ಕೇಳುತ್ತೀ — ನಮ್ಮವ್ವನ ದನಿ ಹೆಂಗಿತ್ರಿ ಕಾಕಾ, ಎಂದು. ಅದನ್ನು ಕೊನೆಗೆ ಕೇಳಿದವನು ನಾನೇ. ಇಳಿಸುವ ಮೊದಲು ಸ್ವಲ್ಪ ಹೊತ್ತು ಸ್ಪೀಕರಿಗೆ ಹಾಕಿ ನೋಡಿದ್ದೆ. ಆದರೆ ನನ್ನ ಪೆಟ್ಟಿಗೆಯಲ್ಲಿ ಗುಂಯ್ ಎನ್ನುವ ಸದ್ದು ಬರುತ್ತದೋ ಇಲ್ಲವೋ ಎಂದಷ್ಟೇ ಕೇಳಿದೆ. ಬರಲಿಲ್ಲ, ಖುಷಿಪಟ್ಟೆ. ಅವಳ ದನಿ ಹೇಗಿತ್ತು ಎಂಬುದು ನನಗೆ ನೆನಪಿಲ್ಲ.