ಫ್ಲೆಕ್ಸಿನಲ್ಲಿ ತಾತನ ಜಾಗ

ದೆಹಲಿಯ ರೋಹಿಣಿ ಬಡಾವಣೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ನಾನು ಡಿಸೈನರ್. ಚುನಾವಣೆ ಬಂತೆಂದರೆ ನಮಗೆ ಹಬ್ಬ. ಆ ಸಲವಂತೂ ನಮ್ಮ ವಾರ್ಡಿನ ಅಭ್ಯರ್ಥಿ ಮೇಡಂ ಖುದ್ದಾಗಿ ಅಂಗಡಿಗೇ ಬಂದುಬಿಟ್ಟರು! ಅವರ ತಾತ, ಅಪ್ಪ ಇಬ್ಬರೂ ಇಲ್ಲೇ ಕೌನ್ಸಿಲರ್ ಆಗಿದ್ದವರು. ಆ ಮನೆಯ ಫ್ಲೆಕ್ಸ್ ಹೇಗಿರಬೇಕೆಂದು ಎಲ್ಲರಿಗೂ ಗೊತ್ತು: ಮೇಲೆ ದೊಡ್ಡದಾಗಿ ತಾತ, ಪಕ್ಕದಲ್ಲಿ ಅಪ್ಪ, ಕೆಳಗೆ ಉಳಿದ ಜಾಗದಲ್ಲಿ ಕೈ ಮುಗಿದ ಅಭ್ಯರ್ಥಿ.

ನಾನೂ ಹಾಗೇ ಮಾಡಿಟ್ಟಿದ್ದೆ. ಮೇಡಂ ಸ್ಕ್ರೀನ್ ನೋಡಿ, "ಭಯ್ಯಾ, ಇಬ್ಬರನ್ನೂ ತೆಗೀರಿ. ನಾನೊಬ್ಬಳೇ ಸಾಕು," ಅಂದರು.

"ಅಯ್ಯೋ ದೇವರೇ!" ಎಂದು ನನ್ನ ಬಾಯಿಂದ ಕನ್ನಡದಲ್ಲೇ ಬಂತು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಅಪ್ಪ! ಮೇಡಂ ಜೊತೆ ಬಂದವರಲ್ಲಿ ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು. ಮೇಡಂ ಸ್ಪೀಕರಿಗೆ ಹಾಕಿದರು.

"ಬೇಟಾ, ವೋಟು ಬೀಳೋದು ನನ್ನ ಮುಖ ನೋಡಿ."

"ಪಪ್ಪಾ, ನಿಮ್ಮ ಮುಖ ನೋಡಿದರೆ ಜನಕ್ಕೆ ನೀವು ರಿಪೇರಿ ಮಾಡಿಸದ ಚರಂಡಿ ನೆನಪಾಗುತ್ತೆ." ಫೋನಿಟ್ಟು ನನ್ನ ಕಡೆ ತಿರುಗಿ, "ಚಲೋ, ಪ್ರಿಂಟ್ ಕೊಡಿ," ಅಂದರು. ನಾನು ಖುಷಿಯಿಂದ ತಾತ, ಅಪ್ಪ ಇಬ್ಬರನ್ನೂ ಅಳಿಸಿ ಪ್ರಿಂಟ್ ಕೊಟ್ಟೆ.

ಗೆದ್ದೇಬಿಟ್ಟರು! ನಮ್ಮ ಮನೆಯ ಹುಡುಗಿಯೇ ಗೆದ್ದಂತೆ ನಾನು ಬೀದಿಯಲ್ಲಿ ಢೋಲಿಗೆ ಕುಣಿದೆ.

ಮರುದಿನ ಧನ್ಯವಾದದ ಫ್ಲೆಕ್ಸ್ ಮಾಡಿಸಲು ಮತ್ತೆ ಬಂದರು.

"ಈ ಸಲವೂ ನೀವೊಬ್ಬರೇ ಅಲ್ವಾ ಮೇಡಂ?" ಎಂದು ಕೇಳಿದೆ.

"ಮತ್ತಿನ್ನೇನು!" ಅಂದವರೇ ಮೊಬೈಲು ಮುಂದೆ ಹಿಡಿದರು. "ಮೂಲೆಯಲ್ಲಿ ಇವಳಿಗೆ ಚೂರು ಜಾಗ ಮಾಡಿ."

ಫೋಟೊದಲ್ಲಿ ಅವರ ಮೂರು ವರ್ಷದ ಮಗಳು ಆಗಲೇ ಕೈ ಮುಗಿದು ನಿಂತಿದ್ದಳು. ಆ ಫೈಲನ್ನು ಜೋಪಾನವಾಗಿ ಇಟ್ಟಿದ್ದೇನೆ. ಅಂಗಡಿಗೆ ಮುಂದೆ ಬೇಕಾಗುತ್ತೆ.